ಹಗಲಿನ ಉಸಿರಾಟ: ಒಂದು ಅಭ್ಯಾಸ ಪಾಠ

ಪ್ರಥಮ ಪಿಯುಸಿಯಲ್ಲಿ ದ್ಯುತಿಸಂಶ್ಲೇಷಣೆಗೆ ಮುನ್ನ ಕೇಳಿದೆ: ಗಿಡ ಯಾವಾಗ ಉಸಿರಾಡುತ್ತದೆ? ‘ರಾತ್ರಿ’ ಎಂದರು ಹೆಚ್ಚಿನವರು. ಹುಣಸೆಮರದಡಿ ರಾತ್ರಿ ಮಲಗಬಾರದೆಂಬ ಮನೆಮಾತೂ ಬಂತು. ಎರಡು ಸಮೀಕರಣಗಳನ್ನು ಎದುರುಬದುರು ಬರೆದರೆ ಈ ನಂಬಿಕೆ ಇನ್ನಷ್ಟು ಗಟ್ಟಿಯಾಗುತ್ತದೆಂದೇ ನನ್ನೆಣಿಕೆ, ಕಪ್ಪುಹಲಗೆ ಮುಟ್ಟಲಿಲ್ಲ.

ಎರಡು ಪ್ರನಾಳಗಳಲ್ಲಿ ನೀಲಿ ಬ್ರೋಮೋಥೈಮಾಲ್ ದ್ರಾವಣ, ಹೈಡ್ರಿಲ್ಲಾ. ಒಂದಕ್ಕೆ ಕಪ್ಪು ಕಾಗದ ಸುತ್ತಿ ಎರಡನ್ನೂ ಬಿಸಿಲಿಗಿಟ್ಟೆವು. ಹೋಲಿಕೆಗೆ ಗಿಡವಿಲ್ಲದ ಮೂರನೆಯದು. ಸುತ್ತಿದ್ದು ನಡುಹಗಲಲ್ಲೇ ಹಳದಿಯಾಯಿತು; ಉಳಿದವು ನೀಲಿ.

“ಹಾಗಾದರೆ ಬೆಳಕಿನಲ್ಲಿ ಉಸಿರಾಟ ನಿಲ್ಲುತ್ತದಲ್ವಾ ಮೇಡಂ?” ಎಂದಳೊಬ್ಬಳು. ನ್ಯಾಯವಾದ ಪ್ರಶ್ನೆ, ಇದಕ್ಕೆ ಈ ಪ್ರಯೋಗದಲ್ಲಿ ಉತ್ತರವಿಲ್ಲ. ಮರುದಿನ ಅದೇ ಬೆಳಕಿನಲ್ಲಿ, ಮೊಳಕೆಕಟ್ಟಿದ ಹೆಸರುಕಾಳಿನ ಮುಚ್ಚಿದ ಶೀಸೆಯೊಳಗೆ ಸುಣ್ಣದ ತಿಳಿನೀರಿಟ್ಟೆ. ಅದು ಹಾಲಿನಂತಾಯಿತು.

“ಮೊಳಕೆ ಬಿಟ್ಟದ್ದನ್ನು ಬಳಸುವ ಹಸಿರೆಲೆ ಇಲ್ಲಿಲ್ಲ. ಹೈಡ್ರಿಲ್ಲಾ ತಾನು ಬಿಟ್ಟ ಇಂಗಾಲದ ಡೈಆಕ್ಸೈಡನ್ನು ತಾನೇ ಬಳಸಿಕೊಂಡಿತು,” ಎಂದಳು ಆಕೆಯೇ.