ಉಪ್ಪಿನ ಹದ: ವಲಿಯಪರಂಬದಲ್ಲಿ ಒಂದು ದಿನ

ದೇಶ ಸುತ್ತು, ಕೋಶ ಓದು ಎಂದು ನಮ್ಮ ಹಿರಿಯರು ಹೇಳಿದ್ದಾರೆ. ಆದರೆ ದೇಶ ಸುತ್ತಲು ಬಹುದೂರ ಹೋಗಬೇಕೆಂದು ಅವರು ಹೇಳಿಲ್ಲ. ನಮ್ಮ ಶಾಲೆಯಲ್ಲಿ ಪ್ರವಾಸವೆಂದರೆ ಮೈಸೂರು, ಬೇಲೂರು, ಹಳೇಬೀಡು ಎಂಬುದು ರೂಢಿ. ಈ ಸಲ ಜನವರಿ ತಿಂಗಳಿನ ಒಂದು ಶನಿವಾರ ನಾವು ಒಂಬತ್ತು ಮತ್ತು ಹತ್ತನೆಯ ತರಗತಿಯ ೨೮ ಮಕ್ಕಳು, ಮೂವರು ಅಧ್ಯಾಪಕರು, ನಮ್ಮ ಜಿಲ್ಲೆಯ ದಕ್ಷಿಣದ ತುದಿಯಲ್ಲಿರುವ ವಲಿಯಪರಂಬ ದ್ವೀಪಕ್ಕೆ ಹೋಗಿ, ಅದೇ ರಾತ್ರಿ ಮನೆ ಸೇರಿದೆವು. ಅಲ್ಲಿ ನೋಡಿದ್ದಕ್ಕಿಂತ ಕಲಿತದ್ದು ಹೆಚ್ಚು. ಅದನ್ನು ಬರಲಾಗದಿದ್ದ ಗೆಳೆಯರಿಗೂ ಹೆತ್ತವರಿಗೂ ತಿಳಿಸುವುದು ಈ ಲೇಖನದ ಉದ್ದೇಶ.

ದ್ವೀಪ ಎಲ್ಲಿದೆ?

ಕಾಸರಗೋಡಿನಿಂದ ದಕ್ಷಿಣಕ್ಕೆ ಹೊರಟರೆ ಮೊದಲು ಚಂದ್ರಗಿರಿ ಹೊಳೆ ಸಿಗುತ್ತದೆ. ತುಳುನಾಡಿಗೂ ಮಲೆಯಾಳಕ್ಕೂ ಇದೇ ಗಡಿ ಎಂದು ಹಿಂದಿನವರು ಎಣಿಸಿದ್ದರು. ಮುಂದೆ ಕಾಞಂಗಾಡು, ನೀಲೇಶ್ವರ, ಚೆರುವತ್ತೂರು ದಾಟಿದರೆ ಪಡನ್ನ. ಅಲ್ಲಿ ರಸ್ತೆ ಮುಗಿದು ನೀರು ತೊಡಗುತ್ತದೆ. ಅದೇ ಕವ್ವಾಯಿ ಹಿನ್ನೀರು. ಉತ್ತರ ಕೇರಳದಲ್ಲಿ ಇದಕ್ಕಿಂತ ದೊಡ್ಡ ಹಿನ್ನೀರು ಬೇರೆ ಇಲ್ಲ. ಹಿನ್ನೀರಿಗೂ ಅರಬ್ಬೀ ಸಮುದ್ರಕ್ಕೂ ನಡುವೆ, ಉತ್ತರದಿಂದ ದಕ್ಷಿಣಕ್ಕೆ ಇಪ್ಪತ್ತು ಕಿಲೋಮೀಟರಿಗೂ ಮಿಕ್ಕಿ ಚಾಚಿಕೊಂಡಿರುವ ಮರಳಿನ ಪಟ್ಟಿಯೇ ವಲಿಯಪರಂಬ. ಉದ್ದವೆಷ್ಟೋ ಅಗಲ ಅಷ್ಟೇ ಕಡಿಮೆ. ಕೆಲವು ಕಡೆ ಹಿನ್ನೀರಿನ ದಡದಿಂದ ಸಮುದ್ರದ ದಡಕ್ಕೆ ಐದೇ ನಿಮಿಷದ ನಡಿಗೆ. ಈಗ ದ್ವೀಪಕ್ಕೆ ಸೇತುವೆಯಿದೆ. ಆದರೂ ನಾವು ನೀರಿನ ದಾರಿಯನ್ನೇ ಆರಿಸಿಕೊಂಡೆವು.

ಈ ನೀರಿಗೂ ಕನ್ನಡನಾಡಿಗೂ ಸಂಬಂಧವಿದೆ. ಕೊಡಗಿನ ಬೆಟ್ಟಗಳಲ್ಲಿ ಹುಟ್ಟುವ ತೇಜಸ್ವಿನಿ ಹೊಳೆ ನೀಲೇಶ್ವರದ ಬಳಿ ಇಲ್ಲಿಗೇ ಬಂದು ಸೇರುತ್ತದೆ. ಬೆಟ್ಟದ ಸಿಹಿನೀರೂ ಕಡಲಿನ ಉಪ್ಪುನೀರೂ ಇಲ್ಲಿ ಬೆರೆಯುತ್ತವೆ. ಹೇಗೆ, ಎಷ್ಟು, ಯಾವಾಗ ಬೆರೆಯುತ್ತವೆ ಎಂಬುದೇ ಇಲ್ಲಿನ ಬದುಕಿನ ಗುಟ್ಟು.

ಹೊರಡುವ ಮುನ್ನ

ನಮ್ಮಲ್ಲಿ ಹೆಚ್ಚಿನವರು ಅಡಿಕೆ ತೋಟಗಳ ನಡುವೆ ಬೆಳೆದವರು. ಕೆರೆಯಲ್ಲಿ ಈಜಿದವರು ಕೆಲವರು ಮಾತ್ರ. “ಈಜು ಬಾರದ ಮಗುವನ್ನು ದೋಣಿಗೆ ಹತ್ತಿಸುವುದು ಸರಿಯೇ?” ಎಂದು ಒಬ್ಬ ತಾಯಿ ಚೀಟಿ ಬರೆದು ಕೇಳಿದರು. ಕೇಳಬೇಕಾದ ಪ್ರಶ್ನೆಯೇ. ೨೦೦೭ರ ಫೆಬ್ರವರಿ ೨೦ರಂದು ತಟ್ಟೇಕ್ಕಾಡಿನಲ್ಲಿ ದೋಣಿ ಮುಳುಗಿ, ಪ್ರವಾಸಕ್ಕೆ ಬಂದಿದ್ದ ೧೫ ವಿದ್ಯಾರ್ಥಿಗಳೂ ಮೂವರು ಅಧ್ಯಾಪಕರೂ ತೀರಿಕೊಂಡರು. ೨೦೨೩ರ ಮೇ ೭ರಂದು ತಾನೂರಿನಲ್ಲಿ ೨೨ ಮಂದಿ ಸತ್ತರು. ಮಿತಿಮೀರಿ ಜನರನ್ನು ತುಂಬಿದ್ದು, ತೇಲುವ ಅಂಗಿ ತೊಡದಿದ್ದುದು ಇಂತಹ ದುರಂತಗಳಿಗೆ ಕಾರಣ. ಆದುದರಿಂದ ಮೂರು ನಿಯಮಗಳನ್ನು ಮಾಡಿಕೊಂಡೆವು. ಈಜು ಬಲ್ಲವರೂ ಲೈಫ್ ಜಾಕೆಟ್ ತೊಡಬೇಕು. ಒಂದು ದೋಣಿಯಲ್ಲಿ ಇಬ್ಬರಿಗಿಂತ ಹೆಚ್ಚು ಕೂರಬಾರದು. ಮಾರ್ಗದರ್ಶಕರ ಮಾತೇ ಕೊನೆಯ ಮಾತು. ನಮ್ಮ ಹಿಂದೆ ಒಂದು ಯಂತ್ರದೋಣಿಯೂ ಬರುವ ಏರ್ಪಾಡಾಯಿತು. ಇಷ್ಟನ್ನು ತಿಳಿಸಿದ ಮೇಲೆ ಆ ತಾಯಿ ಒಪ್ಪಿಗೆ ಕೊಟ್ಟರು.

ಕಯಾಕ್ ಎಂಬ ದೋಣಿ

ನಾವು ಹತ್ತಿದ ದೋಣಿಯ ಹೆಸರು ಕಯಾಕ್. ಹಿಮ ಮುಸುಕಿದ ಗ್ರೀನ್‌ಲ್ಯಾಂಡ್ ಮೊದಲಾದ ನಾಡುಗಳಲ್ಲಿ ಇನುಯಿಟ್ ಜನರು ಮರದ ಅಥವಾ ಎಲುಬಿನ ಚೌಕಟ್ಟಿಗೆ ಸೀಲ್ ಪ್ರಾಣಿಯ ಚರ್ಮ ಹೊದಿಸಿ, ಬೇಟೆಗಾಗಿ ಮಾಡಿಕೊಂಡ ಕಿರುದೋಣಿ ಇದರ ಮೂಲ. ಈಗಿನವು ಪ್ಲಾಸ್ಟಿಕ್ಕಿನವು. ಹುಟ್ಟಿಗೆ ಎರಡೂ ತುದಿಯಲ್ಲಿ ಹಲಗೆಯಿರುತ್ತದೆ. ನೀರನ್ನು ಹಿಂದಕ್ಕೆ ತಳ್ಳಿದರೆ ದೋಣಿ ಮುಂದಕ್ಕೆ. ಎಡಗಡೆ ಹುಟ್ಟು ಹಾಕಿದರೆ ಮೂತಿ ಬಲಕ್ಕೆ. ನ್ಯೂಟನ್ನನ ಮೂರನೆಯ ನಿಯಮವನ್ನು ಪರೀಕ್ಷೆಯಲ್ಲಿ ಬರೆದಿದ್ದವರೇ ಮೊದಲ ಹತ್ತು ನಿಮಿಷ ಇದ್ದಲ್ಲೇ ಗಿರಗಿರನೆ ಸುತ್ತಿದರು! ಹೆದರಿಕೊಂಡೇ ಹತ್ತಿದ್ದ ಹುಡುಗಿಯೊಬ್ಬಳು ಮಾತ್ರ ಹೇಳಿದ್ದನ್ನು ಹೇಳಿದಂತೆ ಮಾಡಿ ಎಲ್ಲರಿಗಿಂತ ನೆಟ್ಟಗೆ ಹೋದಳು. ಆ ಚೀಟಿ ಬರೆದವರು ಅವಳ ತಾಯಿಯೇ.

ಯಂತ್ರವಿಲ್ಲದ ದೋಣಿಗೆ ನೀರಿನ ಮರ್ಜಿ ಬೇಕು. ಸಮುದ್ರಕ್ಕೆ ದಿನಕ್ಕೆ ಎರಡು ಸಲ ಉಬ್ಬರ, ಎರಡು ಸಲ ಇಳಿತ. ಚಂದ್ರನ ಚಲನೆಯಿಂದಾಗಿ ಇದರ ಹೊತ್ತು ದಿನಕ್ಕೆ ಸುಮಾರು ೫೦ ನಿಮಿಷ ಮುಂದೆ ಹೋಗುತ್ತದೆ. ಆ ದಿನ ಹತ್ತೂವರೆಯವರೆಗೆ ನೀರು ಏರುವುದೆಂದು ಮಾರ್ಗದರ್ಶಕರು ಲೆಕ್ಕ ಹಾಕಿದ್ದರು. ಅದಕ್ಕೇ ನಮ್ಮನ್ನು ಒಂಬತ್ತಕ್ಕೆ ಮುನ್ನವೇ ನೀರಿಗಿಳಿಸಿ, ತುಂಬಿದ ನೀರಿನಲ್ಲಿ ಕಾಂಡ್ಲ ಕಾಡಿನ ಕಿರುತೋಡಿನೊಳಗೆ ಕರೆದೊಯ್ದರು.

ಕಾಂಡ್ಲ ಕಾಡು

ಉಪ್ಪುನೀರಿನಲ್ಲಿ ನಿಂತು ಬದುಕುವ ಮರಗಳೇ ಕಾಂಡ್ಲ. ಇವುಗಳಲ್ಲಿ ಒಂದು ಜಾತಿಯ ಬೇರುಗಳು ಕಾಂಡದಿಂದ ಹೊರಟು ಊರುಗೋಲಿನಂತೆ ದಿಕ್ಕು ದಿಕ್ಕಿಗೆ ಹರಡುತ್ತವೆ. ಮಲೆಯಾಳದಲ್ಲಿ ಅದಕ್ಕೆ ‘ಪ್ರಾಂದನ್ ಕಂಡಲ್’, ಅಂದರೆ ಹುಚ್ಚು ಕಾಂಡ್ಲ ಎಂಬ ಹೆಸರು. ಅದರ ಬೀಜ ತಾಯಿಮರದಲ್ಲಿ ಇರುವಾಗಲೇ ಮೊಳೆತು, ಉದ್ದನೆಯ ಕೋಡಿನಂತೆ ಜೋತಾಡಿ, ಬಳಿಕ ಬೀಳುತ್ತದೆ. ಇನ್ನೊಂದು ಜಾತಿಯ ಬೇರುಗಳು ಕೆಸರಿನಿಂದ ಮೇಲಕ್ಕೆ ಪೆನ್ಸಿಲಿನಂತೆ ಎದ್ದು ನಿಂತು ಗಾಳಿಯನ್ನು ಹೀರುತ್ತವೆ. ಅದರ ಎಲೆಯನ್ನು ನಾಲಿಗೆಗೆ ತಾಗಿಸಿ ನೋಡಲು ಹೇಳಿದರು. ಉಪ್ಪು! ಹೆಚ್ಚಾದ ಉಪ್ಪನ್ನು ಆ ಮರ ಎಲೆಯ ಮೂಲಕ ಹೊರಗೆ ಹಾಕುತ್ತದೆ.

ಈ ಬೇರುಗಳ ಸಂದಿಯಲ್ಲಿ ಸಿಗಡಿಯ, ಮೀನಿನ ಮರಿಗಳು ಅಡಗಿ ಬೆಳೆಯುತ್ತವೆ. ಕೆಸರಿನ ಮೇಲೆ ರೆಕ್ಕೆಯೂರಿ ಜಿಗಿಯುವ ಪುಟ್ಟ ಮೀನನ್ನು ಕಂಡು ಮಕ್ಕಳು ಕಪ್ಪೆಯೆಂದೇ ತಿಳಿದರು. ಮೈ ಒದ್ದೆಯಾಗಿರುವಷ್ಟು ಹೊತ್ತು ಅದು ನೀರಿನ ಹೊರಗೂ ಬದುಕಬಲ್ಲದು. ದಡದ ಮಣ್ಣು ಕೊಚ್ಚಿಹೋಗದಂತೆ ಹಿಡಿದಿಡುವುದೂ ಇವೇ ಬೇರುಗಳು.

ಇಲ್ಲಿಂದ ದಕ್ಷಿಣಕ್ಕೆ, ಕಣ್ಣೂರು ಜಿಲ್ಲೆಯ ಪಳಯಂಗಾಡಿಯ ಬಳಿ ಕಲ್ಲೇನ್ ಪೊಕ್ಕುಡನ್ ಎಂಬವರಿದ್ದರು. ಪ್ರಾಥಮಿಕ ಶಾಲೆಯಲ್ಲೇ ಓದು ನಿಲ್ಲಿಸಬೇಕಾಗಿ ಬಂದ ಬಡ ಕೂಲಿಕಾರ. ೧೯೮೯ರಲ್ಲಿ ಅವರು ತಾವಾಗಿಯೇ ಹೊಳೆಯ ಬದಿಯಲ್ಲಿ ಕಾಂಡ್ಲದ ಸಸಿ ನೆಡಲು ತೊಡಗಿದರು. ಜನ ನಕ್ಕರೂ ಬಿಡಲಿಲ್ಲ. ೨೦೧೫ರಲ್ಲಿ ತೀರಿಕೊಳ್ಳುವ ಹೊತ್ತಿಗೆ ಅವರ ಹೆಸರು ಕಾಂಡ್ಲಕ್ಕೆ ಪರ್ಯಾಯವಾಗಿತ್ತು. ದೊಡ್ಡ ಕೆಲಸಕ್ಕೆ ದೊಡ್ಡ ಪದವಿ ಬೇಕಿಲ್ಲವೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಡ.

ಹಗ್ಗದ ಮೇಲಿನ ಬೆಳೆ

ಕಾಡಿನಿಂದ ಹೊರಗೆ ಬಂದಾಗ ನೀರಿನ ನಡುವೆ ಬಿದಿರಿನ ಚಪ್ಪರಗಳು ಕಂಡವು. ಅವುಗಳಿಂದ ಸಾಲು ಸಾಲಾಗಿ ಹಗ್ಗಗಳು ನೀರಿಗಿಳಿದಿದ್ದವು. ಇದು ಕಲ್ಲುಮ್ಮಕ್ಕಾಯಿಯ ಕೃಷಿ. ನಮ್ಮ ಕಡೆ ಇದಕ್ಕೆ ಪಚ್ಚಿಲೆ, ನೀಲಿಕಲ್ಲು ಎಂಬ ಹೆಸರುಗಳಿವೆ. ಹಸಿರು ಅಂಚಿನ ಎರಡು ಚಿಪ್ಪುಗಳ ನಡುವೆ ಇರುವ ಜೀವಿ. ನವೆಂಬರ್ ಡಿಸೆಂಬರ್‌ನಲ್ಲಿ ಮರಿಗಳನ್ನು ಹಗ್ಗದ ಸುತ್ತ ಇಟ್ಟು ತೆಳು ಹತ್ತಿಬಟ್ಟೆ ಸುತ್ತಿ ಹೊಲಿಯುತ್ತಾರೆ. ಕೆಲವೇ ದಿನಗಳಲ್ಲಿ ಬಟ್ಟೆ ಕೊಳೆತುಹೋಗುತ್ತದೆ. ಅಷ್ಟರಲ್ಲಿ ಮರಿಗಳು ತಮ್ಮದೇ ನೂಲಿನಿಂದ ಹಗ್ಗವನ್ನು ಹಿಡಿದಿರುತ್ತವೆ. ಇದಕ್ಕೆ ಗೊಬ್ಬರ ಬೇಡ, ಮೇವು ಬೇಡ. ನೀರನ್ನು ಸೋಸಿ ಅದರಲ್ಲಿರುವ ಸೂಕ್ಷ್ಮ ಸಸ್ಯಗಳನ್ನು ತಿಂದು ಬೆಳೆಯುತ್ತದೆ. ನೀರು ಕೊಳಕಾದರೆ ಆ ಕೊಳಕೂ ಅದರ ಮೈ ಸೇರುತ್ತದೆ. ಇಲ್ಲಿ ಅನೇಕ ಕಡೆ ಈ ಕೃಷಿ ಮಾಡುವವರು ಮಹಿಳೆಯರ ಸ್ವಸಹಾಯ ಸಂಘಗಳವರು.

ಕೊಯ್ಲು ಏಪ್ರಿಲ್ ಮೇಯಲ್ಲಿ, ಮಳೆಗಾಲಕ್ಕೆ ಮುನ್ನ. ಏಕೆ? ಸಮುದ್ರದ ಒಂದು ಲೀಟರ್ ನೀರಿನಲ್ಲಿ ಸುಮಾರು ೩೫ ಗ್ರಾಂ ಉಪ್ಪಿರುತ್ತದೆ. ಮಳೆಗಾಲದಲ್ಲಿ ಹೊಳೆಗಳು ತುಂಬಿ ಹರಿದು ಹಿನ್ನೀರಿನ ಉಪ್ಪು ಇಳಿದರೆ ಕಲ್ಲುಮ್ಮಕ್ಕಾಯಿ ಸಾಯುತ್ತದೆ. ಮಳೆ ಬೇಗ ಬಂದರೆ ಆರು ತಿಂಗಳ ದುಡಿಮೆ ಕೆಲವೇ ದಿನಗಳಲ್ಲಿ ನೀರುಪಾಲು. ಮಳೆ ಯಾವಾಗ ಬರುವುದೆಂದು ನಮ್ಮ ರೈತರು ಆಕಾಶ ನೋಡುತ್ತಾರೆ; ಇವರು ಬಾರದಿರಲೆಂದು ನೋಡುತ್ತಾರೆ!

ಊಟ ಮತ್ತು ಬಾವಿ

ಮಧ್ಯಾಹ್ನದ ಊಟ ದ್ವೀಪದ ಒಂದು ಮನೆಯಲ್ಲಿ. ಕುಚ್ಚಲಕ್ಕಿ ಅನ್ನ, ತೆಂಗಿನಕಾಯಿ ಅರೆದ ಮೀನಿನ ಸಾರು, ಬೇಯಿಸಿದ ಮರಗೆಣಸು, ಕಾಯಿ ಚಟ್ನಿ. ಮೀನು ತಿನ್ನದವರಿಗಾಗಿ ಬೇರೆಯೇ ಒಲೆಯಲ್ಲಿ ಸಾಂಬಾರು, ಪಲ್ಯ ಮಾಡಿಟ್ಟಿದ್ದರು. ಕೇಳುವ ಮುನ್ನವೇ ತೋರಿದ ಆ ಮರ್ಯಾದೆಯನ್ನು ನಾವು ಮರೆಯಲಾರೆವು. ತಿನ್ನುವವರಿಗೆ ಅರಿಕ್ಕಡುಕ್ಕ ಬಂತು. ನೆನೆಸಿದ ಕುಚ್ಚಲಕ್ಕಿಯನ್ನು ಕಾಯಿ, ಸಣ್ಣ ನೀರುಳ್ಳಿ, ಬಡೆಸೋಂಪಿನೊಡನೆ ಗಟ್ಟಿಯಾಗಿ ರುಬ್ಬಿ, ಕಲ್ಲುಮ್ಮಕ್ಕಾಯಿಯ ಚಿಪ್ಪು ಬಿಡಿಸಿ ಒಳಗೆ ತುಂಬಿ ಹಬೆಯಲ್ಲಿ ಬೇಯಿಸುತ್ತಾರೆ. ಮತ್ತೆ ಚಿಪ್ಪು ತೆಗೆದು ಮೆಣಸಿನ ಮಸಾಲೆ ಸವರಿ ಹುರಿಯುತ್ತಾರೆ. ಕೃಷಿಯನ್ನು ಕಣ್ಣಾರೆ ಕಂಡ ಮೇಲೆ ತಟ್ಟೆಯಲ್ಲಿ ಒಂದನ್ನೂ ಯಾರೂ ಬಿಡಲಿಲ್ಲ.

ಕೈ ತೊಳೆಯುವಾಗ ಹುಡುಗರು ಬಾವಿಕಟ್ಟೆಯಲ್ಲಿ ನೀರೆರಚಾಟಕ್ಕೆ ತೊಡಗಿದರು. ಮನೆಯ ಅಮ್ಮ ಗದರಿಸಲಿಲ್ಲ. “ಮಕ್ಕಳೇ, ಸುತ್ತಲೂ ನೀರಿದೆ, ಕುಡಿಯಲು ಇದೊಂದೇ” ಎಂದು ಮಲೆಯಾಳದಲ್ಲಿ ಹೇಳಿದರು. ಕಡಲ ಬದಿಯಲ್ಲಿದ್ದ ಅವರ ಇನ್ನೊಂದು ಬಾವಿ ಉಪ್ಪಾಗಿ ಹೋಗಿ, ಈಗ ಬಟ್ಟೆ ಒಗೆಯಲೂ ಬರುವುದಿಲ್ಲವಂತೆ. ಹುಡುಗರು ಕೊಡಪಾನವನ್ನು ಮೆಲ್ಲನೆ ಕೆಳಗಿಟ್ಟರು.

ಉಪ್ಪುನೀರಿನ ನಡುವೆ ಸಿಹಿನೀರಿನ ಬಾವಿ ಹೇಗೆ? ಒಂದು ಲೀಟರ್ ಸಿಹಿನೀರು ೧೦೦೦ ಗ್ರಾಂ ತೂಗಿದರೆ ಕಡಲನೀರು ಸುಮಾರು ೧೦೨೫ ಗ್ರಾಂ ತೂಗುತ್ತದೆ. ಮರಳಿಗೆ ಇಂಗಿದ ಮಳೆನೀರು ಹಗುರವಾದ್ದರಿಂದ ಅಡಿಯ ಉಪ್ಪುನೀರಿನ ಮೇಲೆ ತೇಲಿಕೊಂಡು ನಿಲ್ಲುತ್ತದೆ. ಹಾಲೆಂಡಿನ ಗೈಬೆನ್, ಜರ್ಮನಿಯ ಹರ್ಜ್‌ಬರ್ಗ್ ಎಂಬಿಬ್ಬರು ಬೇರೆ ಬೇರೆಯಾಗಿ ಇದರ ಲೆಕ್ಕವನ್ನು ಕಂಡುಹಿಡಿದರು. ಸಮುದ್ರಮಟ್ಟಕ್ಕಿಂತ ಒಂದು ಅಡಿ ಮೇಲೆ ಸಿಹಿನೀರು ನಿಂತಿದ್ದರೆ ಕೆಳಗೆ ಸುಮಾರು ೪೦ ಅಡಿ ಸಿಹಿನೀರಿರುತ್ತದೆ. ಪಂಪು ಹಾಕಿ ಮೇಲಿನ ಒಂದು ಅಡಿಯನ್ನು ಶಾಶ್ವತವಾಗಿ ಇಳಿಸಿದರೆ ಕೆಳಗಿನಿಂದ ಉಪ್ಪು ೪೦ ಅಡಿ ಏರಿ ಬರುತ್ತದೆ. ಒಂದಕ್ಕೆ ನಲವತ್ತು! ಇಷ್ಟು ಬಡ್ಡಿ ಯಾವ ಸಾಹುಕಾರನೂ ಕೇಳುವುದಿಲ್ಲ.

ಕಡಲ ದಡ, ಹಿಂದಿರುಗುವ ದಾರಿ

ಊಟದ ಬಳಿಕ ಐದು ನಿಮಿಷ ನಡೆದು ಸಮುದ್ರದ ಕಡೆಗೆ ಹೋದೆವು. ಈ ಕರಾವಳಿಗೆ ಚಳಿಗಾಲದಲ್ಲಿ ಆಲಿವ್ ರಿಡ್ಲಿ ಎಂಬ ಕಡಲಾಮೆ ರಾತ್ರಿ ಬಂದು ಮರಳಿನಲ್ಲಿ ಸುಮಾರು ನೂರು ಮೊಟ್ಟೆಯಿಡುತ್ತದೆ. ನೀಲೇಶ್ವರದ ತೈಕ್ಕಡಪ್ಪುರದಲ್ಲಿ ಸ್ಥಳೀಯ ಸ್ವಯಂಸೇವಕರು ಆ ಮೊಟ್ಟೆಗಳನ್ನು ಕಾದು, ಮರಿಗಳನ್ನು ಕಡಲಿಗೆ ಬಿಡುತ್ತಾ ಬಂದಿದ್ದಾರೆ. ಮರಳು ಹೆಚ್ಚು ಬಿಸಿಯಾದರೆ ಹೆಣ್ಣುಮರಿಗಳೂ ತಂಪಾದರೆ ಗಂಡುಮರಿಗಳೂ ಹೆಚ್ಚಾಗುತ್ತವೆ. ಇಲ್ಲೂ ಎಲ್ಲಕ್ಕೂ ಒಂದು ಹದ ಬೇಕು.

ಮೂರು ಗಂಟೆಗೆ ಮತ್ತೆ ದೋಣಿ ಹತ್ತಿದಾಗ ನೀರು ಇಳಿಯುತ್ತಿತ್ತು. ಬೆಳಿಗ್ಗೆ ಕಾಣದಿದ್ದ ಕೆಸರು ದಿಬ್ಬಗಳು ತಲೆಯೆತ್ತಿ, ಬೆಳ್ಳಕ್ಕಿಗಳೂ ಕಡಲಕ್ಕಿಗಳೂ ಅಲ್ಲಿಳಿದು ಮೇಯುತ್ತಿದ್ದವು. ಮೇಲೆ ಗರುಡ ಸುತ್ತುತ್ತಿತ್ತು. ಹತ್ತಿರದಿಂದ ನೋಡಬೇಕೆಂದು ಇಬ್ಬರು ಹುಡುಗರು ಸಾಲು ಬಿಟ್ಟು ದಿಬ್ಬದತ್ತ ದೋಣಿ ತಿರುಗಿಸಿದರು. ಹಕ್ಕಿಗಳು ಹಾರಿಹೋದವು, ದೋಣಿ ಕೆಸರಿನಲ್ಲಿ ಹೂತು ನಿಂತಿತು. ಇಳಿದು ತಳ್ಳೋಣವೆಂದರೆ ಕಾಲು ಮೊಣಕಾಲಿನವರೆಗೆ ಇಳಿಯುವ ಕೆಸರು. ಮಾರ್ಗದರ್ಶಕರು ಅವರನ್ನು ಅಲುಗದೆ ಕೂತಿರಲು ಹೇಳಿ, ಹಗ್ಗ ಎಸೆದು ಯಂತ್ರದೋಣಿಯಿಂದ ಎಳೆಸಿದರು. “ಇನ್ನರ್ಧ ಗಂಟೆ ತಡವಾಗಿದ್ದರೆ ರಾತ್ರಿಯ ಉಬ್ಬರದವರೆಗೆ ಕಾಯಬೇಕಿತ್ತು” ಎಂದಷ್ಟೇ ಅಂದರು. ಮೂರನೆಯ ನಿಯಮ ಏಕಿತ್ತೆಂದು ಆಗ ಎಲ್ಲರಿಗೂ ತಿಳಿಯಿತು. ಹಕ್ಕಿಗಳಿಗೂ ನೀರು ಇಳಿದ ಆ ಕೆಲವು ಗಂಟೆಗಳೇ ಊಟದ ಹೊತ್ತು. ಅದನ್ನು ಕೆಡಿಸಿದ್ದು ನಮ್ಮದೇ ತಪ್ಪು.

ನಮ್ಮ ಮನೆಯ ನೀರು

ಬಸ್ಸಿನಲ್ಲಿ ಬರುವಾಗ ಮಾತು ನಮ್ಮೂರಿನ ಸುರಂಗಗಳತ್ತ ಹೊರಳಿತು. ಗುಡ್ಡದ ಒಡಲಿಗೆ ಅಡ್ಡವಾಗಿ ಕೊರೆದ ಸುರಂಗದಿಂದ ತಾನಾಗಿ ಹರಿದುಬಂದ ನೀರಿನಿಂದಲೇ ನಮ್ಮ ಅಜ್ಜಂದಿರು ತೋಟ ಮಾಡಿದರು. ಗುಡ್ಡ ಕೊಟ್ಟಷ್ಟನ್ನೇ ಅವರು ತೆಗೆದುಕೊಂಡರು. ಈಗ ಕೊಳವೆಬಾವಿ ಕೊರೆದು, ಕೊಟ್ಟದ್ದಕ್ಕಿಂತ ಹೆಚ್ಚು ಎಳೆಯುತ್ತೇವೆ. ದ್ವೀಪದಲ್ಲಿ ಹದ ತಪ್ಪಿದರೆ ಬಾವಿ ಉಪ್ಪಾಗಿ ತಪ್ಪನ್ನು ಒಡನೆ ಹೇಳುತ್ತದೆ. ನಮ್ಮಲ್ಲಿ ಸುರಂಗ ಸದ್ದಿಲ್ಲದೆ ಬತ್ತುತ್ತದೆ. ವ್ಯತ್ಯಾಸ ಅಷ್ಟೇ.

ಮಾಡಿ ನೋಡಿರಿ

೧. ಒಂದು ಲೋಟ ನೀರಿಗೆ ಹಸಿಮೊಟ್ಟೆ ಅಥವಾ ಚಿಕ್ಕ ಬಟಾಟೆ ಹಾಕಿರಿ, ಮುಳುಗುತ್ತದೆ. ಉಪ್ಪು ಬೆರೆಸುತ್ತಾ ಹೋಗಿರಿ. ಎಷ್ಟು ಚಮಚಕ್ಕೆ ತೇಲಿತು?

೨. ಗಾಜಿನ ಲೋಟದಲ್ಲಿ ಅರ್ಧದಷ್ಟು ಉಪ್ಪುನೀರು ಹಾಕಿ, ಅದರ ಮೇಲೆ ಚಮಚದ ಬೆನ್ನಿನಿಂದ ಶಾಯಿ ಬೆರೆಸಿದ ಸಿಹಿನೀರನ್ನು ಮೆಲ್ಲನೆ ಇಳಿಬಿಡಿರಿ. ಬಣ್ಣದ ನೀರು ಎಲ್ಲಿ ನಿಂತಿತು? ಅದೇ ದ್ವೀಪದ ಬಾವಿ.

೩. ನಿಮ್ಮ ಮನೆಯ ಬಾವಿಯ ನೀರಿನ ಮಟ್ಟವನ್ನು ಪ್ರತಿ ತಿಂಗಳ ಮೊದಲ ಭಾನುವಾರ ಹಗ್ಗದಿಂದ ಅಳೆದು ಬರೆದಿಡಿರಿ. ಸುರಂಗವಿದ್ದರೆ ಒಂದು ಕೊಡ ತುಂಬಲು ಎಷ್ಟು ನಿಮಿಷ ಬೇಕೆಂದು ನೋಡಿರಿ. ಹನ್ನೆರಡು ತಿಂಗಳ ಲೆಕ್ಕವನ್ನು ತಂದವರ ಪಟ್ಟಿಯನ್ನು ಮುಂದಿನ ವರ್ಷದ ಸಂಚಿಕೆಯಲ್ಲಿ ಅಚ್ಚುಮಾಡೋಣ. ಹೆತ್ತವರೂ ಈ ಕೆಲಸದಲ್ಲಿ ಮಕ್ಕಳೊಡನೆ ಕೈಗೂಡಿಸಬೇಕೆಂದು ನಮ್ಮ ಕೋರಿಕೆ.