ಏಂಜೆಲ್ ಮರಿಗಳ ಬೆಳವಣಿಗೆ ಮತ್ತು ತೊಟ್ಟಿಯ ನೀರು

ಮೀನು ತಾನಿರುವ ತೊಟ್ಟಿಯ ಅಳತೆಗೆ ತಕ್ಕಷ್ಟೇ ಬೆಳೆದು ನಿಲ್ಲುತ್ತದೆ ಎಂಬ ನಂಬಿಕೆ ಮೀನು ಸಾಕುವವರಲ್ಲಿ ಬಹುಕಾಲದಿಂದ ಬೇರೂರಿದೆ. ಮುಂಬಯಿ, ಚೆನ್ನೈ, ದೆಹಲಿಯಂತಹ ನಗರಗಳಲ್ಲಿ ಮನೆಯೊಳಗಿನ ಸ್ಥಳವೇ ದುರ್ಲಭವಾಗಿರುವಾಗ ಇದು ಅನುಕೂಲಕರವಾದ ನಂಬಿಕೆಯೂ ಹೌದು. ಆದರೆ ಗಾಜಿನ ಗೋಡೆ ಎಷ್ಟು ದೂರದಲ್ಲಿದೆ ಎಂದು ಅಳೆದುಕೊಂಡು ಬೆಳೆಯುವ ಮೀನು ಯಾವುದೂ ಇಲ್ಲ. ಚಿಕ್ಕ ತೊಟ್ಟಿಯಲ್ಲಿ ಮರಿಗಳು ಕುಂಠಿತಗೊಳ್ಳುವುದು ನಿಜ. ಅದರ ಕಾರಣವನ್ನು ನೀರಿನಲ್ಲಿ ಹುಡುಕಬೇಕು.

ಸಿಕ್ಲಿಡ್ ಎಂಬುದು ಬಹು ವಿಸ್ತಾರವಾದ ಮತ್ಸ್ಯ ಕುಟುಂಬ. ಕೇರಳದ ಕರಿಮೀನು ಇದಕ್ಕೆ ಸೇರಿದುದು. 1952ರಲ್ಲಿ ನಮ್ಮ ದೇಶಕ್ಕೆ ತರಲಾದ ತಿಲಾಪಿಯಾ ಸಹ ಇದೇ ಕುಟುಂಬದ್ದು. ಕಿಕ್ಕಿರಿದ ಕೊಳಗಳಲ್ಲಿ ತಿಲಾಪಿಯಾ ದೇಹವನ್ನು ಬೆಳೆಸಿಕೊಳ್ಳದೆ, ಗಿಡ್ಡದಾಗಿರುವಾಗಲೇ ಮರಿ ಹಾಕತೊಡಗುವುದನ್ನು ಮೀನುಗಾರಿಕೆ ಬಲ್ಲವರೆಲ್ಲರೂ ಕಂಡಿದ್ದಾರೆ. ಮನೆಯ ತೊಟ್ಟಿಗಳಲ್ಲಿ ಹೆಚ್ಚಾಗಿ ಕಾಣುವ ಸಿಕ್ಲಿಡ್ ಎಂದರೆ ಅಮೆಜಾನ್ ನದಿ ಪ್ರದೇಶದಿಂದ ಬಂದ ಏಂಜೆಲ್ ಮೀನು. ಚೆನ್ನೈನ ಕೊಳತ್ತೂರಿನಂತಹ ಕಡೆ ಅಲಂಕಾರಿಕ ಮೀನುಗಳ ಸಾಕಣೆಯೇ ಅನೇಕ ಕುಟುಂಬಗಳ ಜೀವನೋಪಾಯ. ಅಂತಹವರಿಗೆ ಬೆಳೆಯದೆ ಉಳಿದ ಮರಿ ಎಂದರೆ ತಿಂಗಳುಗಳ ಶ್ರಮದ ನಷ್ಟ.

ಏಂಜೆಲ್ ಜೋಡಿ ಒಮ್ಮೆಗೆ ನೂರಾರು ಮೊಟ್ಟೆಗಳನ್ನಿಡುತ್ತದೆ. ನೀರಿನ ಉಷ್ಣತೆ 27 ಅಥವಾ 28 ಡಿಗ್ರಿ ಸೆಲ್ಸಿಯಸ್ ಇದ್ದರೆ ಎರಡು ಮೂರು ದಿನಗಳಲ್ಲಿ ಮೊಟ್ಟೆ ಒಡೆಯುತ್ತದೆ. ಇನ್ನೂ ಸುಮಾರು ಐದು ದಿನ ಕಳೆದ ಮೇಲೆ ಮರಿಗಳು ಈಜತೊಡಗುತ್ತವೆ. ಅಂದಿನಿಂದ ಅವುಗಳಿಗೆ ದಿನಕ್ಕೆ ಹಲವು ಬಾರಿ ಆಹಾರ ಬೇಕು. ಆರ್ಟೀಮಿಯಾ ಎಂಬ ಉಪ್ಪುನೀರಿನ ಜೀವಿಯ ಆಗತಾನೆ ಹೊರಬಂದ ಮರಿಗಳೇ ಇದಕ್ಕೆ ಉತ್ತಮ. ತೊಡಕು ಹುಟ್ಟುವುದು ಇಲ್ಲಿಯೇ. ಆಹಾರ ಹೆಚ್ಚಿದಂತೆ ಮಲಿನವೂ ಹೆಚ್ಚುತ್ತದೆ.

ಮೀನಿನ ಕಿವಿರುಗಳಿಂದ ಹೊರಬರುವ ಮುಖ್ಯ ತ್ಯಾಜ್ಯ ಅಮೋನಿಯಾ. (ಇದಕ್ಕೆ ಸಂಸ್ಕೃತ ಮೂಲದ ಪದವೊಂದನ್ನು ಸೃಷ್ಟಿಸಬಹುದು, ಓದುಗರಿಗೆ ಅದರಿಂದ ಉಪಕಾರವಾಗಲಾರದು.) ಅದರಲ್ಲಿ ವಿಷಕಾರಿಯಾದ ಭಾಗ ನೀರಿನ ಕ್ಷಾರೀಯತೆಯೊಂದಿಗೆ ಏರುತ್ತದೆ: 25 ಡಿಗ್ರಿ ಉಷ್ಣತೆಯಲ್ಲಿ ಪಿ.ಎಚ್. 7 ಇದ್ದಾಗ ಶೇಕಡಾ ಒಂದಕ್ಕೂ ಕಡಿಮೆ, ಪಿ.ಎಚ್. 8 ಆದಾಗ ಶೇಕಡಾ 5ಕ್ಕೂ ಹೆಚ್ಚು. ಸ್ಪಂಜಿನ ಶೋಧಕದಲ್ಲಿ ನೆಲೆಸುವ ಬ್ಯಾಕ್ಟೀರಿಯಾಗಳು ಅಮೋನಿಯಾವನ್ನು ಮೊದಲು ನೈಟ್ರೈಟ್ ಆಗಿ, ಅನಂತರ ಕಡಿಮೆ ಅಪಾಯಕಾರಿಯಾದ ನೈಟ್ರೇಟ್ ಆಗಿ ಮಾರ್ಪಡಿಸುತ್ತವೆ. ಹೊಸ ಶೋಧಕ ಈ ಕಾರ್ಯಕ್ಕೆ ಸಿದ್ಧವಾಗಲು ನಾಲ್ಕರಿಂದ ಆರು ವಾರ ಬೇಕಾಗುವುದರಿಂದ ಮರಿಗಳು ಬರುವ ಮೊದಲೇ ಅದನ್ನು ಹಳೆಯ ತೊಟ್ಟಿಯಲ್ಲಿಟ್ಟು ಪಕ್ವಗೊಳಿಸಬೇಕು.

ನೈಟ್ರೇಟ್ ಮಾತ್ರ ತೊಟ್ಟಿಯಲ್ಲಿಯೇ ಉಳಿಯುತ್ತದೆ. ಒಂದು ಸರಳ ಲೆಕ್ಕವನ್ನು ಗಮನಿಸೋಣ. ವಾರಕ್ಕೆ ಒಂದು ಅಳತೆಯಷ್ಟು ನೈಟ್ರೇಟ್ ಸೇರುತ್ತದೆ ಎಂದುಕೊಳ್ಳೋಣ. ಪ್ರತಿವಾರ ಅರ್ಧದಷ್ಟು ನೀರನ್ನು ಬದಲಿಸಿದರೆ, ಬದಲಿಸುವ ಮುನ್ನ ಇರುವ ಪ್ರಮಾಣ ಮೊದಲ ವಾರ 1, ಎರಡನೆಯ ವಾರ 1.5, ಮೂರನೆಯ ವಾರ 1.75 ಆಗಿ, ಎಷ್ಟು ಕಾಲ ಕಳೆದರೂ 2ನ್ನು ದಾಟುವುದಿಲ್ಲ. ಹತ್ತನೆಯ ಒಂದು ಭಾಗವನ್ನಷ್ಟೇ ಬದಲಿಸುವವರ ತೊಟ್ಟಿಯಲ್ಲಿ ಅದೇ ಪ್ರಮಾಣ ಮೆಲ್ಲಮೆಲ್ಲನೆ 10ರ ಸಮೀಪಕ್ಕೆ ಏರುತ್ತದೆ. ನೀರು ಕಣ್ಣಿಗೆ ಎರಡೂ ಕಡೆ ತಿಳಿಯಾಗಿಯೇ ಕಾಣುವುದರಿಂದ ಎರಡನೆಯವರು ದೋಷವನ್ನು ಮೀನಿನ ತಳಿಯ ಮೇಲೆ ಹೊರಿಸುತ್ತಾರೆ. 60 ಸೆಂಟಿಮೀಟರ್ ಉದ್ದ, ತಲಾ 30 ಸೆಂಟಿಮೀಟರ್ ಅಗಲ ಮತ್ತು ಎತ್ತರವಿರುವ ತೊಟ್ಟಿಯಲ್ಲಿ ಹಿಡಿಸುವ ನೀರು 54 ಲೀಟರ್. ಎರಡು ನೂರು ಮರಿಗಳು ಅಲ್ಲಿ ಕೆಲವು ವಾರ ಮಾತ್ರ ಇರಬಲ್ಲವು.

ಬದಲಿಸುವ ನೀರು ಅದೇ ಉಷ್ಣತೆಯದಾಗಿರಬೇಕು, ಕ್ಲೋರಿನ್‌ನಿಂದ ಮುಕ್ತವಾಗಿರಬೇಕು. ಇಲ್ಲಿ ಒಂದು ಎಚ್ಚರಿಕೆ ಅವಶ್ಯ. ತಿಂಗಳುಗಟ್ಟಲೆ ಅಲಕ್ಷಿಸಿದ ತೊಟ್ಟಿಯ ನೀರು ಆಮ್ಲೀಯವಾಗಿರುತ್ತದೆ. ಅದಕ್ಕೆ ಒಮ್ಮೆಲೇ ಹೆಚ್ಚು ಪ್ರಮಾಣದ ಕ್ಷಾರೀಯ ಕೊಳವೆಬಾವಿಯ ನೀರನ್ನು ಸುರಿದರೆ ನಿರುಪದ್ರವಿಯಾಗಿದ್ದ ಅಮೋನಿಯಾ ಥಟ್ಟನೆ ವಿಷವಾಗಿ ಪರಿಣಮಿಸಬಹುದು. ಅಂತಹ ತೊಟ್ಟಿಯನ್ನು ಹಲವು ದಿನಗಳ ಕಾಲ ಸ್ವಲ್ಪ ಸ್ವಲ್ಪವಾಗಿಯೇ ಸರಿಪಡಿಸತಕ್ಕದ್ದು.

ಸಿಕ್ಲಿಡ್‌ಗಳ ಸ್ವಭಾವವೂ ಬೆಳವಣಿಗೆಯ ಮೇಲೆ ಪ್ರಭಾವ ಬೀರುತ್ತದೆ. ಮರಿಗಳಲ್ಲಿ ಬಲಿಷ್ಠವಾದವು ಆಹಾರದ ಸ್ಥಳವನ್ನು ಆಕ್ರಮಿಸಿ ಉಳಿದವನ್ನು ಅಟ್ಟುತ್ತವೆ. ಸದಾ ಅಂಜಿಕೆಯಲ್ಲಿರುವ ಮರಿ ತಿಂದ ಅಲ್ಪ ಆಹಾರವೂ ಮೈಗೆ ಹತ್ತುವುದಿಲ್ಲ. ಆದುದರಿಂದ ಮರಿಗಳನ್ನು ಗಾತ್ರಾನುಸಾರ ಬೇರ್ಪಡಿಸುವುದು ಸಾಕಣೆದಾರರ ರೂಢಿ. ಬಲಿಷ್ಠ ಮರಿಗಳನ್ನು ತೆಗೆದ ಕೆಲವೇ ದಿನಗಳಲ್ಲಿ ಹಿಂದುಳಿದವುಗಳಲ್ಲಿ ಹಲವು ಚೇತರಿಸಿಕೊಳ್ಳುತ್ತವೆ.

ಉಷ್ಣತೆಯ ವಿಷಯ ಸಂಕ್ಷಿಪ್ತವಾಗಿ ಹೇಳಬಹುದಾದುದು. ದೆಹಲಿಯ ಚಳಿಗಾಲದಲ್ಲಿ ಹೀಟರ್ ಇಲ್ಲದೆ ಏಂಜೆಲ್ ಮರಿಗಳನ್ನು ಬೆಳೆಸಲಾಗದು. ಅತಿ ಬಿಸಿಯೂ ಹಿತವಲ್ಲ. ನೀರು ಹೀರಿಕೊಳ್ಳಬಲ್ಲ ಆಮ್ಲಜನಕ 20 ಡಿಗ್ರಿಯಲ್ಲಿ ಲೀಟರಿಗೆ ಸುಮಾರು 9 ಮಿಲಿಗ್ರಾಂ ಇದ್ದುದು 30 ಡಿಗ್ರಿಯಲ್ಲಿ 7.5ಕ್ಕೆ ಇಳಿಯುತ್ತದೆ.

ಕುಂಠಿತವಾದ ಮರಿಯನ್ನು ದೊಡ್ಡ ತೊಟ್ಟಿಗೆ ಬಿಟ್ಟರೆ ಮತ್ತೆ ಬೆಳೆಯುವುದೇ? ತಡೆ ಅಲ್ಪಕಾಲದ್ದಾಗಿದ್ದರೆ ಬಹುಮಟ್ಟಿಗೆ ಬೆಳೆಯುತ್ತದೆ. ಆದರೆ ಮೊದಲ ತಿಂಗಳುಗಳಲ್ಲಿಯೇ ಬಾಗಿದ ರೆಕ್ಕೆ, ಮೊಟಕಾದ ಕಿವಿರು ಮುಚ್ಚಳ ಸಾಮಾನ್ಯವಾಗಿ ಹಾಗೆಯೇ ಉಳಿಯುತ್ತವೆ. ಏಂಜೆಲ್ ಮರಿಗಳನ್ನು ಕೊಳ್ಳುವವರು ಅಂಗಡಿಯಲ್ಲಿ ಮೊದಲು ಕಣ್ಣನ್ನು ನೋಡಬೇಕು: ದೇಹ ಚಿಕ್ಕದಾಗಿದ್ದು ಕಣ್ಣು ಮಾತ್ರ ಎದ್ದು ಕಾಣುವಷ್ಟು ದೊಡ್ಡದಾಗಿದ್ದರೆ ಆ ಮರಿಯ ವಯಸ್ಸು ಅದರ ಗಾತ್ರಕ್ಕಿಂತ ಹೆಚ್ಚಿನದೆಂದೇ ತಿಳಿಯಬೇಕು.