ಮಸುಕಿನ ಹಿನ್ನೆಲೆ

ಮೊಬೈಲಿನ ತೆರೆಯ ಮೇಲೆ ಚಿತ್ರವನ್ನು ಮಂಜು ಹಿಡಿದ ಗಾಜಿನ ಹಿಂದೆ ಇಟ್ಟಂತೆ ಮಸುಕಾಗಿಸಿ, ಅದರ ಮೇಲೆ ಅಕ್ಷರಗಳನ್ನು ಮೂಡಿಸುವುದು ಇಂದು ಸರ್ವೇಸಾಮಾನ್ಯವಾಗಿದೆ. ೨೦೧೩ರಲ್ಲಿ ಐಫೋನಿಗೆ ಐಓಎಸ್ ೭ ಬಂದ ಮೇಲೆ ಈ ರೂಢಿ ಬಹಳವಾಗಿ ಹರಡಿತು. ಇದು ಬರಿಯ ಅಲಂಕಾರವೆಂದು ಕೆಲವರು ಹೇಳುವರು. ನನ್ನ ಅಭಿಪ್ರಾಯ ಬೇರೆ. ಹಿನ್ನೆಲೆಯ ಸಣ್ಣ ಗೆರೆಗಳು ಅಕ್ಷರಗಳೊಡನೆ ಸ್ಪರ್ಧೆಗೆ ನಿಲ್ಲುತ್ತವೆ. ಒತ್ತಕ್ಷರ, ಕೊಂಬು, ದೀರ್ಘಗಳುಳ್ಳ ನಮ್ಮ ಲಿಪಿಗಂತೂ ಈ ತೊಂದರೆ ಹೆಚ್ಚು. ಆ ಸ್ಪರ್ಧೆಯನ್ನು ತಗ್ಗಿಸುವುದೇ ಮಸುಕಿನ ಕೆಲಸ.

ಮಸುಕು ಎಂದರೇನು? ಪ್ರತಿಯೊಂದು ಚುಕ್ಕೆಯ ಬಣ್ಣಕ್ಕೆ ಬದಲಾಗಿ ಸುತ್ತಲಿನ ಚುಕ್ಕೆಗಳ ಸರಾಸರಿ ಬಣ್ಣವನ್ನು ಇಡುವುದು. ಹತ್ತಿರದ ಚುಕ್ಕೆಗೆ ಹೆಚ್ಚು ತೂಕ, ದೂರದ್ದಕ್ಕೆ ಕಡಿಮೆ. ಈ ತೂಕಗಳನ್ನು ಸೂಚಿಸುವ ಗಂಟೆಯಾಕಾರದ ರೇಖೆಗೆ ಜರ್ಮನಿಯ ಗಣಿತಜ್ಞ ಗೌಸ್‌ನ (೧೭೭೭–೧೮೫೫) ಹೆಸರಿದೆ. ೨೧ ಚುಕ್ಕೆ ಉದ್ದ, ೨೧ ಚುಕ್ಕೆ ಅಗಲದ ಚೌಕವನ್ನು ತೆಗೆದುಕೊಂಡರೆ ಒಂದೊಂದು ಚುಕ್ಕೆಗೂ ೪೪೧ ಗುಣಾಕಾರಗಳು ಬೇಕು. ಮೊದಲು ಅಡ್ಡಲಾಗಿ, ಆಮೇಲೆ ಉದ್ದಕ್ಕೆ ಮಾಡಿದರೆ ೪೨ ಸಾಕು, ಫಲ ಒಂದೇ. ಅಗ್ಗದ ಫೋನಿಗೂ ಅದರ ಬ್ಯಾಟರಿಗೂ ಇದರಿಂದ ದೊಡ್ಡ ಉಪಕಾರ.

ಫ್ಲಟರ್ ಎಂಬ ಸಾಧನದಲ್ಲಿ ನಾನು ಅನುಸರಿಸುವ ಕ್ರಮ ಹೀಗಿದೆ. ‘ಸ್ಟ್ಯಾಕ್’ನಲ್ಲಿ ಮೊದಲು ಚಿತ್ರವನ್ನಿಡಬೇಕು. ಅದರ ಮೇಲೆ ‘ಕ್ಲಿಪ್‌ರೆಕ್ಟ್’. ಇದಿಲ್ಲದಿದ್ದರೆ ಮಸುಕು ಇಡೀ ತೆರೆಗೆ ಹಬ್ಬೀತು. ಅದರೊಳಗೆ ‘ಬ್ಯಾಕ್‌ಡ್ರಾಪ್‌ಫಿಲ್ಟರ್’, ಸಿಗ್ಮಾ ಎಂಬ ಅಳತೆ ಅಡ್ಡಕ್ಕೂ ಉದ್ದಕ್ಕೂ ೧೦ ಇರಲಿ. ಅದರೊಳಗೆ ಅರೆಪಾರದರ್ಶಕ ಬಣ್ಣದ ಚೌಕಟ್ಟು, ಚೌಕಟ್ಟಿನಲ್ಲಿ ಅಕ್ಷರಗಳು. ಈ ಫಿಲ್ಟರು ತನ್ನ ಕೆಳಗಿರುವುದನ್ನು ಮಾತ್ರ ಮಸುಕಾಗಿಸುವುದರಿಂದ ಅಕ್ಷರಗಳು ಸ್ಪಷ್ಟವಾಗಿಯೇ ಉಳಿಯುತ್ತವೆ. ೨೦೨೧ರ ಆಂಡ್ರಾಯ್ಡ್ ೧೨ರಲ್ಲಿ ಬಂದ ‘ರೆಂಡರ್‌ಎಫೆಕ್ಟ್’ ಹಾಗಲ್ಲ. ಅದನ್ನು ಹಚ್ಚಿದ ಭಾಗವು ತನ್ನೊಳಗಿನ ಅಕ್ಷರಗಳ ಸಹಿತ ಮಸುಕಾಗುತ್ತದೆ. ಆದುದರಿಂದ ಅದನ್ನು ಚಿತ್ರಕ್ಕೆ ಮಾತ್ರವೇ ಹಚ್ಚಬೇಕು.

ಆದರೆ ಮಸುಕೊಂದೇ ಸಾಲದು. ಬಿಳಿಯ ಚಿತ್ರ ಮಸುಕಾದರೂ ಬಿಳಿಯೇ. ಅದರ ಮೇಲೆ ಬಿಳಿಯ ಅಕ್ಷರ ಕಾಣದು. ಅರೆಪಾರದರ್ಶಕ ಬಣ್ಣದ ಅಗತ್ಯ ಇಲ್ಲಿಯೇ ತಿಳಿಯುತ್ತದೆ. ಸಾಮಾನ್ಯ ಗಾತ್ರದ ಅಕ್ಷರಕ್ಕೂ ಹಿನ್ನೆಲೆಗೂ ಬೆಳಕಿನ ಪ್ರಮಾಣ ಕನಿಷ್ಠ ೪.೫ಕ್ಕೆ ೧ ಇರಬೇಕೆಂದು ಜಾಲಪುಟಗಳ ಅಂತರರಾಷ್ಟ್ರೀಯ ಮಾರ್ಗಸೂಚಿ ಹೇಳುತ್ತದೆ. ಐಫೋನಿನಲ್ಲಿ ಪಾರದರ್ಶಕತೆಯನ್ನು ತಗ್ಗಿಸುವ ಏರ್ಪಾಡೂ ಉಂಟು. ಅದನ್ನು ಆರಿಸಿಕೊಂಡವರಿಗೆ ಗಟ್ಟಿಬಣ್ಣದ ಹಿನ್ನೆಲೆಯನ್ನೇ ಒದಗಿಸುವುದು ನ್ಯಾಯ.

ಔಷಧಿಯ ಪ್ರಮಾಣವನ್ನೋ ಬಸ್ಸಿನ ವೇಳೆಯನ್ನೋ ಬಿಸಿಲಿನಲ್ಲಿ ನಿಂತು ಓದುವ ವೃದ್ಧರು ನಮ್ಮ ಮನೆಗಳಲ್ಲಿಯೇ ಇದ್ದಾರೆ. ತೆರೆಯನ್ನು ರಚಿಸುವ ಮಿತ್ರರು ಅದನ್ನು ಒಮ್ಮೆ ಅಂಥವರ ಕೈಗೆ ಕೊಟ್ಟು, ಓದಿಸಿ ನೋಡಬೇಕೆಂದು ನನ್ನ ವಿನಂತಿ.